ಮುಕ್ತ ಕಾರ್ಯಾಚರಣ ವ್ಯವಸ್ಥೆಗೆ ಜನರು ಬಂದ ಬಗೆ: ಒಂದು ಚಾರಿತ್ರಿಕ ವಿವೇಚನೆ

೧

ಗಣಕಯಂತ್ರವನ್ನು ಕೊಂಡು ತಂದವರು ಅದರೊಡನೆ ಬಂದ ಕಾರ್ಯಾಚರಣ ವ್ಯವಸ್ಥೆಯನ್ನು, ಎಂದರೆ ಆಪರೇಟಿಂಗ್ ಸಿಸ್ಟಮ್ ಎಂದು ರೂಢಿಯಲ್ಲಿರುವ ಮೂಲ ತಂತ್ರಾಂಶವನ್ನು, ಬದಲಾಯಿಸುವುದು ವಿರಳ. ಕೀಲಿಮಣೆಯಲ್ಲಿ ಒತ್ತಿದ ಅಕ್ಷರವನ್ನು ತೆರೆಯ ಮೇಲೆ ಮೂಡಿಸುವುದು, ಕಡತಗಳನ್ನು ಕಾಪಾಡುವುದು, ಹಲವು ಕೆಲಸಗಳಿಗೆ ಸರದಿಯನ್ನು ಹಂಚುವುದು, ಇವೆಲ್ಲ ಆ ವ್ಯವಸ್ಥೆಯ ಕಾರ್ಯಗಳು. ಅದು ಸರಿಯಾಗಿ ನಡೆಯುತ್ತಿರುವಷ್ಟು ಕಾಲ ಅಂಥದೊಂದು ಇದೆಯೆಂಬ ನೆನಪೂ ಬಳಸುವವರಿಗೆ ಇರುವುದಿಲ್ಲ. ಹೀಗಿರಲಾಗಿ, ಕಳೆದ ಎರಡು ದಶಕಗಳಲ್ಲಿ ತಂತ್ರಜ್ಞರಲ್ಲದ ಅನೇಕರು, ಉಪಾಧ್ಯಾಯರು, ವಿದ್ಯಾರ್ಥಿಗಳು, ಮನೆಯಲ್ಲಿ ಹಳೆಯದೊಂದು ಯಂತ್ರವುಳ್ಳವರು, ಇದ್ದುದನ್ನು ತೆಗೆದುಹಾಕಿ ಲಿನಕ್ಸ್ ವರ್ಗದ ಮುಕ್ತ ವ್ಯವಸ್ಥೆಯನ್ನು ತಂದುಕೊಂಡದ್ದು ಏತಕ್ಕೆ? ಪ್ರಕೃತ ಲೇಖನದಲ್ಲಿ ನಾವು ವಿಚಾರಿಸಬೇಕೆಂದಿರುವುದು ಇದನ್ನೇ.

ಈ ಪ್ರಶ್ನೆಗೆ ವಾಡಿಕೆಯಲ್ಲಿರುವ ಉತ್ತರಗಳು ಎರಡು. ಬೆಲೆಯಿಲ್ಲದೆ ದೊರೆಯುವುದರಿಂದ ಜನರು ಬಂದರು ಎಂಬುದು ಒಂದು. ಸ್ವಾತಂತ್ರ್ಯದ ತತ್ತ್ವಕ್ಕೆ ಮನಸೋತು ಬಂದರು ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವುಂಟು, ಆದರೆ ಯಾವುದೂ ಸಾಲದು. ನಮ್ಮ ದೇಶದಲ್ಲಿ ವಿಂಡೋಸ್ ವ್ಯವಸ್ಥೆಯ ಅನಧಿಕೃತ ಪ್ರತಿಯು ಬಹುಕಾಲ ಅಂಗಡಿಬೀದಿಯಲ್ಲಿ ಪುಡಿಗಾಸಿಗೆ ದೊರೆಯುತ್ತಿತ್ತು. ಬೆಲೆಯೊಂದೇ ಕಾರಣವಾಗಿದ್ದರೆ ಇಲ್ಲಿ ಯಾರೂ ಸ್ಥಳ ಬಿಟ್ಟು ಕದಲಬೇಕಾಗಿರಲಿಲ್ಲ. ತತ್ತ್ವವೊಂದೇ ಕಾರಣವಾಗಿದ್ದರೆ, ೧೯೯೨ರ ಹೊತ್ತಿಗೇ ಸಿದ್ಧವಾಗಿದ್ದ ಸ್ವಾತಂತ್ರ್ಯಕ್ಕಾಗಿ ಜನಸಾಮಾನ್ಯರು ಹನ್ನೆರಡು ವರ್ಷ ತಡೆಯಬೇಕಾಗಿರಲಿಲ್ಲ. ಆದುದರಿಂದ ಕಾರಣಗಳನ್ನು ಮೂರಾಗಿ ವಿಂಗಡಿಸಿ ನೋಡುವುದು ಯುಕ್ತವೆಂದು ನಮಗೆ ತೋರುತ್ತದೆ: ಇದ್ದ ಸ್ಥಳದಿಂದ ಹೊರಡಿಸುವ ಕಾರಣ, ಹೊಸ ಸ್ಥಳದ ಹೊಸ್ತಿಲನ್ನು ದಾಟಿಸುವ ಕಾರಣ, ದಾಟಿದವರನ್ನು ಅಲ್ಲಿಯೇ ನಿಲ್ಲಿಸುವ ಕಾರಣ. ಮೂರನೆಯದನ್ನು ಮರೆತವರು ಮೊದಲೆರಡರ ಫಲವನ್ನೂ ಕಳೆದುಕೊಂಡರೆಂಬುದನ್ನು ಮುಂದೆ ತೋರಿಸುತ್ತೇವೆ.

೨

ಮೊದಲು ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ನೋಡೋಣ. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರು ಆರಂಭಿಸಿದ ಯುನಿಕ್ಸ್ ವ್ಯವಸ್ಥೆಯು ವಿಶ್ವವಿದ್ಯಾನಿಲಯಗಳಲ್ಲಿ ಹರಡಿತಾದರೂ ಅದರ ಒಡೆತನವು ಕಂಪೆನಿಯ ಕೈಯಲ್ಲಿಯೇ ಉಳಿಯಿತು. ೧೯೮೩ರ ಸೆಪ್ಟೆಂಬರಿನಲ್ಲಿ ರಿಚರ್ಡ್ ಸ್ಟಾಲ್ಮನ್ ಅವರು ಯುನಿಕ್ಸಿಗೆ ಸಮಾನವಾದ, ಆದರೆ ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ವ್ಯವಸ್ಥೆಯನ್ನು ರಚಿಸುವುದಾಗಿ ಸಾರಿದರು. ಗ್ನೂ ಎಂಬುದು ಅದರ ಹೆಸರು. ೧೯೮೫ರಲ್ಲಿ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನವು ಸ್ಥಾಪಿತವಾಯಿತು. ೧೯೮೯ರಲ್ಲಿ ಅದರ ಸಾರ್ವಜನಿಕ ಪರವಾನಗಿಯು ಹೊರಬಂದಿತು. ಪಡೆದ ಸ್ವಾತಂತ್ರ್ಯವನ್ನು ಮುಂದಿನವರಿಗೂ ದಾಟಿಸಬೇಕೆಂಬ ನಿಬಂಧನೆಯು ಈ ಪರವಾನಗಿಯ ತಿರುಳು.

ಗ್ನೂ ಯೋಜನೆಯಲ್ಲಿ ಕೊರತೆಯಾಗಿದ್ದುದು ಯಂತ್ರದ ಅಂಗಗಳೊಡನೆ ನೇರವಾಗಿ ವ್ಯವಹರಿಸುವ ಕರ್ನೆಲ್ ಎಂಬ ಒಳತಿರುಳು. ೧೯೯೧ರ ಆಗಸ್ಟಿನಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ತಮ್ಮ ಕರ್ನೆಲ್ ರಚನೆಯನ್ನು ಪ್ರಕಟಿಸಿದರು. ೧೯೯೨ರಲ್ಲಿ ಅದೂ ಗ್ನೂ ಪರವಾನಗಿಯ ಕೆಳಗೆ ಬಂದಿತು. ಬಿಡಿಬಿಡಿಯಾದ ಈ ತಂತ್ರಾಂಶಗಳನ್ನು ಕೂಡಿಸಿ ಒಂದು ಕಟ್ಟಾಗಿ ಹಂಚುವ ‘ವಿತರಣೆ’ಗಳು ಬಳಿಕ ಹುಟ್ಟಿದವು. ಸ್ಲ್ಯಾಕ್‌ವೇರ್ ಮತ್ತು ಡೆಬಿಯನ್ ಎರಡೂ ೧೯೯೩ರವು.

ಹೀಗೆ ಸ್ವಾತಂತ್ರ್ಯವು ಸಿದ್ಧವಾಯಿತು, ಆದರೆ ಸೌಲಭ್ಯವು ಸಿದ್ಧವಾಗಿರಲಿಲ್ಲ. ಅಂದಿನ ವಿತರಣೆಯನ್ನು ಯಂತ್ರದಲ್ಲಿ ಅಳವಡಿಸುವವನು ತಟ್ಟೆಯನ್ನು ಭಾಗಮಾಡುವ ಕ್ರಮವನ್ನು, ತನ್ನ ಚಿತ್ರಫಲಕದ ಹೆಸರನ್ನು, ಕೆಲವು ವೇಳೆ ತೆರೆಯ ಆವರ್ತನ ಸಂಖ್ಯೆಯನ್ನು ಕೂಡ ತಿಳಿದಿರಬೇಕಾಗಿತ್ತು. ತಪ್ಪಿದರೆ ಇದ್ದ ಕಡತಗಳೆಲ್ಲ ಅಳಿದುಹೋಗುವ ಭಯ. ಸಹಾಯ ಬೇಡಿದ ಹೊಸಬನಿಗೆ ಕೈಪಿಡಿಯನ್ನು ಓದಿಕೊಂಡು ಬಾ ಎಂಬ ಗದರಿಕೆಯ ಉತ್ತರ ದೊರೆಯುವುದೂ ಅಪರೂಪವಾಗಿರಲಿಲ್ಲ. ಬಾಗಿಲು ತೆರೆದೇ ಇತ್ತು, ಮೆಟ್ಟಿಲು ಇರಲಿಲ್ಲ.

ಮೆಟ್ಟಿಲುಗಳನ್ನು ಕಟ್ಟಿದವರು ಹಲವರು. ೧೯೯೬ರಲ್ಲಿ ಕೆಡಿಇ, ೧೯೯೭ರಲ್ಲಿ ಗ್ನೋಮ್ ಎಂಬ ಯೋಜನೆಗಳು ಆರಂಭವಾಗಿ, ಆಜ್ಞೆಗಳನ್ನು ಬೆರಳಚ್ಚು ಮಾಡುವ ಬದಲು ಚಿತ್ರಗಳನ್ನು ಒತ್ತಿ ಕೆಲಸ ನಡೆಸುವ ಅನುಕೂಲವನ್ನು ಕೊಟ್ಟವು. ೧೯೯೮ರ ಮ್ಯಾಂಡ್ರೇಕ್ ವಿತರಣೆಯು ಸುಲಭತೆಯನ್ನೇ ಗುರಿಯಾಗಿಟ್ಟುಕೊಂಡಿತು. ೨೦೦೦ರಲ್ಲಿ ಜರ್ಮನಿಯ ಕ್ಲಾಸ್ ಕ್ನೋಪರ್ ಅವರು ಸಿದ್ಧಪಡಿಸಿದ ನಾಪಿಕ್ಸ್, ಯಂತ್ರದಲ್ಲಿರುವ ಯಾವುದನ್ನೂ ಮುಟ್ಟದೆ ಸಿ.ಡಿ.ಯಿಂದಲೇ ನಡೆಯುತ್ತಿತ್ತು. ಇದರ ಮಹತ್ವವನ್ನು ಕಡಿಮೆಯೆಣಿಸಲಾಗದು. ಬಿಡುವ ಮೊದಲೇ ಸವಿದು ನೋಡುವ ಅವಕಾಶವು ಇದರಿಂದ ದೊರೆಯಿತು.

೩

೨೦೦೪ರ ಅಕ್ಟೋಬರ್ ೨೦ರಂದು ಉಬುಂಟು ವ್ಯವಸ್ಥೆಯ ಮೊದಲ ಆವೃತ್ತಿಯು ಹೊರಬಂದಿತು. ದಕ್ಷಿಣ ಆಫ್ರಿಕದ ಮಾರ್ಕ್ ಶಟಲ್‌ವರ್ತ್ ಇದರ ಪ್ರವರ್ತಕರು. ಅವರು ತಮ್ಮ ಥಾಟ್ ಎಂಬ ಸಂಸ್ಥೆಯನ್ನು ೧೯೯೯ರಲ್ಲಿ ಮಾರಿ ಧನಿಕರಾಗಿದ್ದರು. ೨೦೦೨ರಲ್ಲಿ ಸೋಯುಜ್ ನೌಕೆಯಲ್ಲಿ ಅಂತರಿಕ್ಷಯಾನ ಮಾಡಿ ಬಂದಿದ್ದರು. ಉಬುಂಟು ಎಂಬುದು ದಕ್ಷಿಣ ಆಫ್ರಿಕದ ಜುಲು, ಖೋಸಾ ಭಾಷೆಗಳ ಶಬ್ದ. ಇತರರೊಡನೆ ಕೂಡಿ ಬಾಳುವ ಮಾನವೀಯತೆ ಎಂಬ ಭಾವವನ್ನು ಅದು ಸೂಚಿಸುತ್ತದೆ. ವ್ಯವಸ್ಥೆಯ ಒಡಲು ಹೊಸದಲ್ಲ, ಅದು ಡೆಬಿಯನ್‌ನದು. ಹೊಸದಾಗಿದ್ದುದು ಹೊಸಬರ ಕಡೆಗೆ ತಿರುಗಿದ ಮುಖ.

ಆ ಮುಖದ ಲಕ್ಷಣಗಳನ್ನು ಎಣಿಸೋಣ. ಒಂದೊಂದು ಕೆಲಸಕ್ಕೆ ಹತ್ತಾರು ತಂತ್ರಾಂಶಗಳನ್ನು ತುಂಬುವ ಬದಲು ಒಂದನ್ನೇ ಆರಿಸಿ, ಎಲ್ಲವನ್ನೂ ಒಂದೇ ಸಿ.ಡಿ.ಯಲ್ಲಿ ಅಡಕಗೊಳಿಸಿದರು. ಆರು ತಿಂಗಳಿಗೊಂದು ಆವೃತ್ತಿಯೆಂಬ ನಿಯಮವನ್ನು ಪಾಲಿಸಿದರು. ೨೦೦೬ರ ಜೂನಿನಿಂದ ದೀರ್ಘಕಾಲದ ಬೆಂಬಲವುಳ್ಳ ಆವೃತ್ತಿಗಳನ್ನೂ ಕೊಡತೊಡಗಿದರು. ಅದೇ ಆವೃತ್ತಿಯಿಂದ, ಸಿ.ಡಿ.ಯಿಂದ ನಡೆಸಿ ನೋಡಿದವನು ಮೆಚ್ಚಿದರೆ ಅದರಿಂದಲೇ ಅಳವಡಿಸಿಕೊಳ್ಳುವ ಏರ್ಪಾಡೂ ಬಂದಿತು. ಎಲ್ಲಕ್ಕಿಂತ ಮಿಗಿಲಾಗಿ, ಕೇಳಿದವರಿಗೆ ಅಂಚೆಯ ವೆಚ್ಚವನ್ನೂ ಪಡೆಯದೆ ಸಿ.ಡಿ.ಗಳನ್ನು ಲೋಕದ ಯಾವ ಭಾಗಕ್ಕಾದರೂ ಕಳುಹಿಸಿದರು. ಶಿಪ್‌ಇಟ್ ಎಂಬ ಈ ಕಾರ್ಯಕ್ರಮವು ೨೦೧೧ರವರೆಗೆ ನಡೆಯಿತು.

ಈ ಕೊನೆಯ ಅಂಶವು ಇಂದಿನ ವಿದ್ಯಾರ್ಥಿಗೆ ಕ್ಷುಲ್ಲಕವಾಗಿ ಕಾಣಬಹುದು. ಲೆಕ್ಕ ಹಾಕಿ ನೋಡಿದರೆ ಹಾಗಲ್ಲ. ಒಂದು ಸಿ.ಡಿ.ಯಲ್ಲಿ ಹಿಡಿಯುವುದು ಸುಮಾರು ೭೦೦ ಮೆಗಾಬೈಟ್. ಸೆಕೆಂಡಿಗೆ ೫೬ ಕಿಲೋಬಿಟ್ ವೇಗದ ದೂರವಾಣಿ ಸಂಪರ್ಕದಲ್ಲಿ ಅಷ್ಟನ್ನು ಇಳಿಸಿಕೊಳ್ಳಲು, ಎಲ್ಲವೂ ಸರಿಯಾಗಿ ನಡೆದರೂ, ಒಂದು ಹಗಲು ಒಂದು ರಾತ್ರಿಗಿಂತ ಹೆಚ್ಚು ಕಾಲ ಬೇಕು. ನಮ್ಮ ದೇಶದಲ್ಲಿ ಪಿ.ಸಿ. ಕ್ವೆಸ್ಟ್ ಮಾಸಪತ್ರಿಕೆಯು ೧೯೯೦ರ ದಶಕದ ಉತ್ತರಾರ್ಧದಿಂದಲೇ ಲಿನಕ್ಸ್ ಸಿ.ಡಿ.ಗಳನ್ನು ಸಂಚಿಕೆಯೊಡನೆ ಹಂಚುತ್ತಿದ್ದುದಕ್ಕೆ ಇದೇ ಕಾರಣ. ಸಂಪರ್ಕವಿಲ್ಲದ ಊರಿಗೆ ಸ್ವಾತಂತ್ರ್ಯವು ಅಂಚೆಯ ಮೂಲಕವೇ ಬರಬೇಕಾಗಿತ್ತು.

ಈ ಸುಲಭತೆಗೆ ಬೆಲೆಯೂ ತೆರಬೇಕಾಯಿತು ಎಂಬುದನ್ನು ಮರೆಯಬಾರದು. ನಿಸ್ತಂತು ಸಂಪರ್ಕದ ಸಾಧನಗಳು ನಡೆಯಬೇಕಾದರೆ ತಯಾರಕರ ಮುಚ್ಚಿದ ತಂತ್ರಾಂಶದ ತುಣುಕುಗಳು ಅನೇಕ ವೇಳೆ ಅನಿವಾರ್ಯ. ಉಬುಂಟು ಅವನ್ನು ಸೇರಿಸಿಕೊಂಡಿತು. ಆದ ಕಾರಣ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನವು ಅದನ್ನು ತನ್ನ ಅನುಮೋದಿತ ಪಟ್ಟಿಗೆ ಸೇರಿಸಿಲ್ಲ. ನಿಷ್ಠುರವೆಂದು ಹೆಸರಾದ ಡೆಬಿಯನ್ ಕೂಡ ೨೦೨೨ರಲ್ಲಿ ಮತ ತೆಗೆದುಕೊಂಡು, ೨೦೨೩ರ ಆವೃತ್ತಿಯಿಂದ ಅಂಥ ತುಣುಕುಗಳಿಗೆ ತನ್ನ ಅಧಿಕೃತ ಸ್ಥಾಪಕದಲ್ಲಿ ಎಡೆ ಕೊಟ್ಟಿತು. ತತ್ತ್ವವು ಸೋತಿತೆಂದು ಕೆಲವರು ಹೇಳಬಹುದು. ಹೊಸ್ತಿಲಲ್ಲಿ ನಿಂತವನನ್ನು ಒಳಗೆ ಕರೆಯದೆ ತತ್ತ್ವವನ್ನು ಬೋಧಿಸುವುದು ಹೇಗೆಂಬ ಪ್ರಶ್ನೆಗೆ ಅವರು ಉತ್ತರಿಸಬೇಕಾಗುತ್ತದೆ.

೪

ಮೆಟ್ಟಿಲಿದ್ದ ಮಾತ್ರಕ್ಕೆ ಜನರು ಮನೆ ಬಿಟ್ಟು ಹೊರಡುವುದಿಲ್ಲ. ಹೊರಡಿಸುವ ಕಾರಣವು ಬಹುಮಟ್ಟಿಗೆ ಹಳೆಯ ಮನೆಯಲ್ಲಿಯೇ ಹುಟ್ಟುತ್ತದೆ. ೨೦೦೭ರ ಜನವರಿಯಲ್ಲಿ ವಿಂಡೋಸ್ ವಿಸ್ಟಾ ಬಂದಾಗ, ಅದು ಬೇಡಿದ ಸ್ಮೃತಿಸಾಮರ್ಥ್ಯವು ಅನೇಕ ಯಂತ್ರಗಳಲ್ಲಿ ಇರಲಿಲ್ಲ. ೨೦೧೪ರ ಏಪ್ರಿಲ್ ೮ರಂದು ವಿಂಡೋಸ್ ಎಕ್ಸ್‌ಪಿಗೆ, ೨೦೨೦ರ ಜನವರಿ ೧೪ರಂದು ವಿಂಡೋಸ್ ೭ಕ್ಕೆ, ೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ತಯಾರಕರ ಸಾಮಾನ್ಯ ಬೆಂಬಲವು ಕೊನೆಗೊಂಡಿತು. ಆ ದಿನದ ಮರುದಿನವೂ ಯಂತ್ರವು ಎಂದಿನಂತೆಯೇ ನಡೆಯುತ್ತದೆ, ಆದರೆ ಹೊಸದಾಗಿ ಕಂಡುಬಂದ ಬಿರುಕುಗಳನ್ನು ಮುಚ್ಚುವವರು ಇರುವುದಿಲ್ಲ. ೨೦೨೧ರಲ್ಲಿ ಬಂದ ವಿಂಡೋಸ್ ೧೧ ನಿರ್ದಿಷ್ಟ ರಕ್ಷಣಾ ಸಾಧನವನ್ನೂ ಹೊಸ ಪೀಳಿಗೆಯ ಸಂಸ್ಕಾರಕವನ್ನೂ ನಿಯಮದಂತೆ ಅಪೇಕ್ಷಿಸುವುದರಿಂದ, ಸುಸ್ಥಿತಿಯಲ್ಲಿರುವ ಯಂತ್ರವೂ ಅದಕ್ಕೆ ಅನರ್ಹವಾಗಬಹುದು. ಯಂತ್ರವು ಮುದಿಯಾದುದಲ್ಲ, ಅದನ್ನು ಮುದಿಯೆಂದು ಘೋಷಿಸಲಾಯಿತು. ಈ ವ್ಯತ್ಯಾಸವನ್ನು ಬಳಕೆದಾರನು ಅರಿತ ಗಳಿಗೆಯಲ್ಲಿ, ನನ್ನ ಯಂತ್ರದ ಮೇಲೆ ನಿರ್ಧಾರ ಯಾರದು ಎಂಬ ಪ್ರಶ್ನೆಯು ಅವನಲ್ಲಿ ಮೊದಲ ಬಾರಿಗೆ ಹುಟ್ಟುತ್ತದೆ.

ಇದು ಮುಚ್ಚಿದ ವ್ಯವಸ್ಥೆಗಳಿಗೆ ಮಾತ್ರ ಸಲ್ಲುವ ಮಾತಲ್ಲ ಎಂಬುದಕ್ಕೆ ಉಬುಂಟುವಿನ ಚರಿತ್ರೆಯೇ ಸಾಕ್ಷಿ. ೨೦೧೧ರ ಏಪ್ರಿಲ್ ಆವೃತ್ತಿಯಲ್ಲಿ ಅದು ತೆರೆಯ ವಿನ್ಯಾಸವನ್ನು ಬದಲಿಸಿ ಯೂನಿಟಿ ಎಂಬ ಹೊಸ ಮುಖವನ್ನು ತೊಡಿಸಿತು. ರೂಢಿ ತಪ್ಪಿದ್ದರಿಂದ ಬೇಸತ್ತ ಅನೇಕರು ಉಬುಂಟುವನ್ನೇ ಆಧರಿಸಿ ೨೦೦೬ರಲ್ಲಿ ಕ್ಲೆಮೆಂಟ್ ಲೆಫೆವ್ರ್ ಅವರು ಆರಂಭಿಸಿದ್ದ ಲಿನಕ್ಸ್ ಮಿಂಟ್ ಕಡೆಗೆ ನಡೆದರು. ೨೦೧೭ರಲ್ಲಿ ಉಬುಂಟು ಯೂನಿಟಿಯನ್ನು ಕೈಬಿಟ್ಟು ಗ್ನೋಮ್‌ಗೆ ಮರಳಿತು. ಇಲ್ಲಿ ಎರಡು ಅಂಶಗಳು ಗಮನಾರ್ಹ. ಜನರು ಪ್ರೀತಿಸುವುದು ವ್ಯವಸ್ಥೆಯನ್ನಲ್ಲ, ತಮ್ಮ ಅಭ್ಯಾಸವನ್ನು. ಅಭ್ಯಾಸವನ್ನು ಕೆಡಿಸಿದವರು ಮುಕ್ತರಾದರೂ ಮುಚ್ಚಿದವರಾದರೂ ಜನರು ದೂರ ಸರಿಯುತ್ತಾರೆ. ಆದರೆ ಮುಕ್ತ ವ್ಯವಸ್ಥೆಯಲ್ಲಿ ಸರಿದವರಿಗೆ ಪಕ್ಕದಲ್ಲಿಯೇ ಇನ್ನೊಂದು ಮನೆಯುಂಟು. ಕಡತಗಳನ್ನೂ ಕಲಿತ ವಿದ್ಯೆಯನ್ನೂ ಕಳೆದುಕೊಳ್ಳದೆ ಅಲ್ಲಿಗೆ ಹೋಗಬಹುದು. ಸ್ವಾತಂತ್ರ್ಯವೆಂಬುದು ಹೊಸಬನ ಅನುಭವಕ್ಕೆ ಬರುವುದು ಇಂಥ ಸಂದರ್ಭದಲ್ಲಿಯೇ ಹೊರತು ಪರವಾನಗಿಯ ವಾಕ್ಯಗಳಲ್ಲಿ ಅಲ್ಲ.

೫

ವ್ಯಕ್ತಿಗಳ ಮಾತು ಹೀಗಾಯಿತು. ಇನ್ನು ಸಂಸ್ಥೆಗಳ ವಿಚಾರ. ಇಲ್ಲಿ ನಾವು ಜರ್ಮನಿಯ ಮ್ಯೂನಿಕ್ ನಗರವನ್ನೂ ನೆರೆಯ ಕೇರಳವನ್ನೂ ಎದುರುಬದುರಿಟ್ಟು ನೋಡುತ್ತೇವೆ.

ಮ್ಯೂನಿಕ್ ನಗರಸಭೆಯು ತನ್ನ ಕಚೇರಿಗಳ ಸುಮಾರು ೧೪,೦೦೦ ಗಣಕಗಳನ್ನು ಲಿನಕ್ಸ್‌ಗೆ ಒಯ್ಯಲು ೨೦೦೩ರ ಮೇ ತಿಂಗಳಲ್ಲಿ ನಿರ್ಧರಿಸಿತು. ಅಲ್ಲಿ ಬಳಕೆಯಲ್ಲಿದ್ದ ವಿಂಡೋಸ್ ಎನ್‌ಟಿ ೪ರ ಬೆಂಬಲ ಮುಗಿಯುತ್ತಿದ್ದುದೇ ಹೊರಡಿಸಿದ ಕಾರಣ. ಮೈಕ್ರೋಸಾಫ್ಟಿನ ಮುಖ್ಯಾಧಿಕಾರಿ ಸ್ಟೀವ್ ಬಾಮರ್ ಅವರು ಸ್ವತಃ ಬಂದು ಮೇಯರರನ್ನು ಕಂಡರು. ಬೆಲೆಯಿಳಿಸಿದ ಪ್ರಸ್ತಾಪವೂ ಬಂದಿತು. ನಗರಸಭೆಯು ಆದರೂ ಲಿನಕ್ಸನ್ನೇ ಆರಿಸಿತು. ಬೆಲೆಯೇ ಸರ್ವಸ್ವವಲ್ಲವೆಂಬ ನಮ್ಮ ಮಾತಿಗೆ ಇದು ಬಲವಾದ ನಿದರ್ಶನ. ಲಿಮಕ್ಸ್ ಎಂದು ಹೆಸರಾದ ಈ ವ್ಯವಸ್ಥೆಗೆ ೨೦೦೬ರಿಂದ ಯಂತ್ರಗಳು ಬದಲಾಗತೊಡಗಿ, ೨೦೧೩ರ ಕೊನೆಗೆ ಸುಮಾರು ೧೫,೦೦೦ ಯಂತ್ರಗಳು ಬದಲಾಗಿದ್ದವು. ಹಾಗಿದ್ದೂ ೨೦೧೭ರ ನವೆಂಬರಿನಲ್ಲಿ ಅದೇ ನಗರಸಭೆಯು ವಿಂಡೋಸ್‌ಗೆ ಹಿಂದಿರುಗಲು ನಿರ್ಣಯಿಸಿತು.

ಇದಕ್ಕೆ ಕಾರಣವೇನು? ರಾಜಕೀಯ ನಾಯಕತ್ವದ ಬದಲಾವಣೆ ಒಂದು. ಹೊರಗಿನವರು ಬೇರೆ ರೂಪದಲ್ಲಿ ಕಳುಹಿಸುವ ದಸ್ತಾವೇಜುಗಳು ಸರಿಯಾಗಿ ತೆರೆಯದಿರುವ ತೊಂದರೆ ಇನ್ನೊಂದು. ಆದರೆ ೨೦೧೬ರಲ್ಲಿ ನಗರಾಡಳಿತವೇ ಮಾಡಿಸಿದ ಪರಿಶೀಲನೆಯು, ಗಣಕ ವಿಭಾಗದ ಕೆಲಸ ಹಂಚಿಹೋಗಿದ್ದ ಸಂಘಟನೆಯಲ್ಲಿಯೇ ದೊಡ್ಡ ದೋಷವನ್ನು ಕಂಡಿತು. ಗುಮಾಸ್ತೆಯ ಮೇಜಿನ ಬಳಿ ತೊಂದರೆಯಾದಾಗ ಬಂದು ನಿಲ್ಲುವವರು ಯಾರೆಂಬುದು ಸ್ಪಷ್ಟವಿರದ ಕಡೆ, ತೊಡಕು ಯಾವುದೇ ಇರಲಿ, ಅಪವಾದವು ಹೊಸ ವ್ಯವಸ್ಥೆಯ ತಲೆಗೇ ಬರುತ್ತದೆ. ೨೦೨೦ರಲ್ಲಿ ಅಧಿಕಾರಕ್ಕೆ ಬಂದ ಮೈತ್ರಿಯು, ಸಾರ್ವಜನಿಕ ಹಣದಿಂದ ರಚಿಸಿದ ತಂತ್ರಾಂಶವು ಸಾರ್ವಜನಿಕರಿಗೆ ತೆರೆದಿರಬೇಕೆಂಬ ನೀತಿಯನ್ನು ಮತ್ತೆ ಅಂಗೀಕರಿಸಿತು.

ಕೇರಳದ ದಾರಿ ಬೇರೆ. ೨೦೦೧ರಲ್ಲಿ ಭಾರತದ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನವು ತಿರುವನಂತಪುರದಲ್ಲಿ ಆರಂಭವಾಯಿತು. ಅದೇ ವರ್ಷ ಆ ರಾಜ್ಯದ ಶಿಕ್ಷಣ ಇಲಾಖೆಯು ಐಟಿ ಅಟ್ ಸ್ಕೂಲ್ ಯೋಜನೆಯನ್ನು ತೊಡಗಿತು. ಮುಂದಿನ ವರ್ಷಗಳಲ್ಲಿ ಶಾಲೆಗಳು ಹಂತಹಂತವಾಗಿ ಮುಕ್ತ ವ್ಯವಸ್ಥೆಗೆ ಬಂದು, ೨೦೦೮ರ ಹೊತ್ತಿಗೆ ಹತ್ತನೆಯ ತರಗತಿಯ ಗಣಕ ಪರೀಕ್ಷೆಯು ಅದರಲ್ಲಿಯೇ ನಡೆಯತೊಡಗಿತು. ಈಗ ಎರಡು ಲಕ್ಷಕ್ಕೂ ಮಿಕ್ಕ ಶಾಲಾ ಗಣಕಗಳಿಗೆ ಇದು ವಿಸ್ತರಿಸಿದೆ. ಗಮನಿಸಬೇಕಾದುದು ಸಂಖ್ಯೆಯನ್ನಲ್ಲ, ಕ್ರಮವನ್ನು. ಉಪಾಧ್ಯಾಯರೊಳಗಿಂದಲೇ ತರಬೇತುದಾರರನ್ನು ಆರಿಸಿದರು. ಅವರು ಜಿಲ್ಲೆಯ ಇತರ ಉಪಾಧ್ಯಾಯರಿಗೆ ಕಲಿಸಿದರು. ಪಠ್ಯಕ್ಕೆ ಬೇಕಾದ ತಂತ್ರಾಂಶಗಳನ್ನು ಕೂಡಿಸಿ, ಮಲಯಾಳದಲ್ಲಿ ಬಳಸಲು ಬರುವಂತೆ, ಶಾಲೆಗಳಿಗೆಂದೇ ಒಂದು ವಿತರಣೆಯನ್ನು ಸಿದ್ಧಪಡಿಸಿದರು. ೨೦೦೨ರಲ್ಲಿ ಆರಂಭವಾದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಸ್ವಯಂಸೇವಕರ ಬಳಗವು ಲಿಪಿ ಮತ್ತು ಭಾಷೆಯ ಕೆಲಸವನ್ನು ಬೆಳೆಸಿತು. ತೊಡಕು ಬಂದಾಗ ಕೇಳಬೇಕಾದವರು ಪಕ್ಕದ ಶಾಲೆಯ ಮೇಷ್ಟರೇ ಆಗಿದ್ದರು.

ಸ್ಪೇನಿನ ಎಕ್ಸ್ಟ್ರೆಮದೂರ ಪ್ರಾಂತವು ೨೦೦೨ರಲ್ಲಿ ತನ್ನದೇ ಲಿನೆಕ್ಸ್ ವಿತರಣೆಯನ್ನು ಶಾಲೆಗಳಿಗೆ ಕೊಟ್ಟಾಗ, ಅದರ ತಂತ್ರಾಂಶಗಳಿಗೆ ಆ ನಾಡಿನ ಕವಿಗಳ, ಚಿತ್ರಕಾರರ ಹೆಸರುಗಳನ್ನಿಟ್ಟಿತು. ಬಡ ಪ್ರಾಂತದ ಮಕ್ಕಳು ಗಣಕವನ್ನು ಪರಕೀಯ ವಸ್ತುವೆಂದು ಕಾಣಬಾರದೆಂಬ ಆಶಯವನ್ನು ನಾವು ಇದರಲ್ಲಿ ಕಾಣುತ್ತೇವೆ.

ಹೊರಡಿಸುವ ಕಾರಣ, ದಾಟಿಸುವ ಕಾರಣಗಳು ಮ್ಯೂನಿಕ್‌ನಲ್ಲಿಯೂ ಇದ್ದವು, ಕೇರಳದಲ್ಲಿಯೂ ಇದ್ದವು. ನಿಲ್ಲಿಸುವ ಕಾರಣದಲ್ಲಿ ಅಂತರವಿತ್ತು. ಒಂದು ಕಡೆ ಅದು ಆಜ್ಞೆಯಾಗಿ ಮೇಲಿನಿಂದ ಬಂದಿತು. ಇನ್ನೊಂದು ಕಡೆ ಆಜ್ಞೆಯೊಡನೆ ಕಲಿಸುವವರೂ ಬಂದರು.

೬

ಇನ್ನು ನಮ್ಮ ನಾಡಿನ ಮಾತು. ಬೆಂಗಳೂರಿನಲ್ಲಿ ೨೦೦೧ರಿಂದ ಲಿನಕ್ಸ್ ಬೆಂಗಳೂರು ಎಂಬ ಹೆಸರಿನಲ್ಲಿ ವಾರ್ಷಿಕ ಸಮ್ಮೇಳನಗಳು ನಡೆದವು. ವಿದ್ವತ್ತಿಗಾಗಲಿ ಉತ್ಸಾಹಕ್ಕಾಗಲಿ ಇಲ್ಲಿ ಕೊರತೆಯಿರಲಿಲ್ಲ. ಆದರೆ ಕನ್ನಡದಲ್ಲಿ ಕೆಲಸ ಮಾಡುವವರನ್ನು ತಡೆದದ್ದು ಬೇರೊಂದು ಬೇಲಿ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶವು ಕಚೇರಿ, ಮುದ್ರಣಾಲಯಗಳಲ್ಲಿ ಕನ್ನಡವನ್ನು ನೆಲೆಗೊಳಿಸಿದ ಮಹೋಪಕಾರಿ. ಆದರೆ ಅದು ವಿಂಡೋಸ್‌ಗೆಂದು ರಚಿತವಾದುದು. ಅದರ ಹಳೆಯ ಸಂಕೇತಕ್ರಮದಲ್ಲಿ ಅಚ್ಚಿಸಿದ ಬರಹವು, ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ತೋರುತ್ತದೆ. ತನ್ನ ಪ್ರೌಢಪ್ರಬಂಧವೇ ಓದಲು ಬಾರದಂತಾಗುವ ವ್ಯವಸ್ಥೆಗೆ ಯಾವ ಅಧ್ಯಾಪಕನು ಬಂದಾನು? ಬೇಲಿಯಿದ್ದುದು ಯಂತ್ರದಲ್ಲಲ್ಲ, ಅಕ್ಷರದಲ್ಲಿ.

ಆ ಬೇಲಿಯು ಈಗ ಬಹುಮಟ್ಟಿಗೆ ಬಿದ್ದಿದೆ. ಯುನಿಕೋಡ್ ಸಂಕೇತಕ್ರಮದಲ್ಲಿ ಕನ್ನಡಕ್ಕೆ ೧೯೯೧ರ ಮೊದಲ ಆವೃತ್ತಿಯಿಂದಲೇ ಸ್ಥಾನವುಂಟು. ಅದರ ಬಳಕೆ ಹರಡಿದಂತೆ ಬರಹವು ವ್ಯವಸ್ಥೆಯ ಹಂಗನ್ನು ತೊರೆಯಿತು. ಹಳೆಯ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸುವ ಸಾಧನಗಳೂ ದೊರೆಯುತ್ತವೆ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿ ಕನ್ನಡಿಗರ ಬೆರಳಿಗೆ ರೂಢಿಯಾದ ಕೀಲಿಮಣೆಯು ಕಗಪ ಎಂಬ ಹೆಸರಿನಿಂದ ಲಿನಕ್ಸ್ ವಿತರಣೆಗಳಲ್ಲಿ ಸೇರಿದೆ. ಲೋಹಿತ್, ಗುಬ್ಬಿ, ನವಿಲು ಮೊದಲಾದ ಕನ್ನಡ ಅಕ್ಷರಶೈಲಿಗಳು ಮುಕ್ತವಾಗಿ ಲಭ್ಯವಿವೆ. ೨೦೧೦ರ ದಶಕದಲ್ಲಿ ನಮ್ಮ ಸರ್ಕಾರಿ ಪ್ರೌಢಶಾಲೆಗಳ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಉಬುಂಟುವನ್ನೇ ಬಳಸಿದ್ದೂ ಸ್ಮರಣೀಯ.

೭

ಮೇಲಿನ ವಿವೇಚನೆಯಿಂದ ಫಲಿತವಾಗುವುದಿಷ್ಟು. ತಯಾರಕರ ನಿರ್ಧಾರವೊಂದು ಬಳಕೆದಾರನ ಅಭ್ಯಾಸವನ್ನೋ ಯಂತ್ರವನ್ನೋ ಕದಲಿಸಿದಾಗ ಅವನು ಹೊರಡುತ್ತಾನೆ. ಕಳೆದುಕೊಳ್ಳುವ ಭಯವಿಲ್ಲದೆ ಪರೀಕ್ಷಿಸಿ ನೋಡುವ ಅವಕಾಶವು ಅವನನ್ನು ಹೊಸ್ತಿಲು ದಾಟಿಸುತ್ತದೆ. ತನ್ನ ಭಾಷೆಯೂ ತನ್ನ ಪಕ್ಕದಲ್ಲಿ ಒಬ್ಬ ತಿಳಿದವನೂ ಇದ್ದರೆ ನಿಲ್ಲುತ್ತಾನೆ. ಸುಲಭವೆಂಬುದು ಯಂತ್ರದ ಗುಣವೆಂದು ನಾವು ಭಾವಿಸುತ್ತೇವೆ. ಅದರ ಅರ್ಧಭಾಗವಾದರೂ ಮನುಷ್ಯರ ಗುಣ.

ಈ ವಿಚಾರವು ನಮ್ಮ ಕಾಲೇಜುಗಳಿಗೆ ದೂರದ್ದಲ್ಲ. ವಿಂಡೋಸ್ ೧೦ರ ಸಾಮಾನ್ಯ ಬೆಂಬಲ ನಿಂತ ಮೇಲೆ, ಷರತ್ತಿಗೊಳಪಟ್ಟು ಕೆಲಕಾಲ ದೊರೆಯುವ ಹೆಚ್ಚುವರಿ ರಕ್ಷಣೆಯನ್ನು ಬಿಟ್ಟರೆ, ಹೊಸ ವ್ಯವಸ್ಥೆಗೆ ಅನರ್ಹವಾದ ಯಂತ್ರವುಳ್ಳ ಪ್ರಯೋಗಶಾಲೆಗಳ ಮುಂದೆ ಮೂರೇ ದಾರಿಗಳಿವೆ: ಚೆನ್ನಾಗಿರುವ ಯಂತ್ರವನ್ನು ಗುಜರಿಗೆ ಹಾಕಿ ಹೊಸದನ್ನು ಕೊಳ್ಳುವುದು, ರಕ್ಷಣೆಯಿಲ್ಲದೆ ಮುಂದುವರಿಯುವುದು, ಅಥವಾ ಮುಕ್ತ ವ್ಯವಸ್ಥೆಗೆ ಬರುವುದು. ಮೂರನೆಯ ದಾರಿಯನ್ನು ಹಿಡಿಯುವವರು ಮ್ಯೂನಿಕ್‌ನ ಪಾಠವನ್ನು ಮರೆಯಬಾರದು. ಸಿ.ಡಿ.ಯ ಕಾಲ ಮುಗಿದಿದೆ, ಇಂದು ಬೆರಳ ತುದಿಯಷ್ಟು ಸ್ಮೃತಿಕೋಶದಿಂದ ಅರ್ಧಗಂಟೆಯಲ್ಲಿ ವ್ಯವಸ್ಥೆಯನ್ನು ಅಳವಡಿಸಬಹುದು. ಆದರೆ ಮರುದಿನ ಬೆಳಿಗ್ಗೆ ಮುದ್ರಣಯಂತ್ರ ನಡೆಯದಿದ್ದಾಗ ವಿದ್ಯಾರ್ಥಿಯ ಪಕ್ಕದಲ್ಲಿ ಕುಳಿತು ಕಾರಣವನ್ನು ಹುಡುಕುವ ಅಧ್ಯಾಪಕನು ಬೇಕು. ಅಂಥ ಒಬ್ಬರನ್ನು ಪ್ರತಿಯೊಂದು ಕಾಲೇಜೂ ಮೊದಲು ಸಿದ್ಧಪಡಿಸಿಕೊಂಡು, ಬಳಿಕ ಯಂತ್ರವನ್ನು ಮುಟ್ಟುವುದು ಲೇಸು.